‘ಬೇಕಾಗಿದ್ದಾರೆ’: ಉದ್ಯೋಗದ ಜಾಹೀರಾತಿಗೆ ಉತ್ತರಿಸುವ ಮುನ್ನ

ಪತ್ರಿಕಾಲಯಕ್ಕೆ ಬರುವ ವಾಚಕರು ಸಂಘದ ವಾರ್ಷಿಕೋತ್ಸವದ ವರದಿಯನ್ನೋ ಯಕ್ಷಗಾನದ ಕರಪತ್ರವನ್ನೋ ಹಿಡಿದುಕೊಂಡು ಬರುವುದು ವಾಡಿಕೆ. ಈಚೆಗೆ ಬೇರೊಂದು ಬಗೆಯ ಕಾಗದದೊಂದಿಗೆ ಬರುವವರ ಸಂಖ್ಯೆ ಹೆಚ್ಚಿದೆ. ಅದು ಉದ್ಯೋಗದ ಜಾಹೀರಾತು. ಕೆಲವರದು ಪತ್ರಿಕೆಯಿಂದ ಕತ್ತರಿಸಿದ ತುಂಡು. ಕೆಲವರದು ಕಲ್ಯಾಣ್ ಲೋಕಲಿನ ಡಬ್ಬಿಯಲ್ಲಿ ಅಂಟಿಸಿದ್ದ ಚೀಟಿಯ ಛಾಯಾಚಿತ್ರ. ಹೆಚ್ಚಿನವರದು ಯಾರೋ ಕಳುಹಿಸಿದ್ದನ್ನು ಇನ್ಯಾರೋ ಮುಂದಕ್ಕೆ ದಾಟಿಸಿದ ಮೊಬೈಲ್ ಸಂದೇಶ. ಡೊಂಬಿವಲಿಯ ತಾಯಂದಿರು ಮಗನ ಪರವಾಗಿ ಕೇಳುವರು. ಥಾಣೆಯ ನಿವೃತ್ತ ಗುಮಾಸ್ತರು ತಮ್ಮ ಪರವಾಗಿಯೇ ಕೇಳುವರು. ನೆರೂಲ್, ಘನ್ಸೋಲಿಗಳ ತರುಣರು ‘ಮಿತ್ರನೊಬ್ಬನಿಗಾಗಿ’ ಎಂದು ಕೇಳುವರು. ಎಲ್ಲರ ಪ್ರಶ್ನೆ ಒಂದೇ: ಇದು ನಿಜವೋ, ಸುಳ್ಳೋ? ಉತ್ತರಿಸಬಹುದೇ?

ಕಾಗದವನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ ಈ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯವಿಲ್ಲ. ಆದರೆ ಹೆಚ್ಚಿನವರು ಮಾಡುವುದು ಅದನ್ನೇ. ಅಕ್ಷರ ದೋಷಗಳಿವೆಯೇ, ಇಂಗ್ಲಿಷು ಶುದ್ಧವಾಗಿದೆಯೇ, ಮೊಹರು ಇದೆಯೇ, ಅಧಿಕಾರಿಯ ರುಜು ಇದೆಯೇ ಎಂದು ಪರೀಕ್ಷಿಸುವರು. ಇದೆಲ್ಲ ವ್ಯರ್ಥ ಶ್ರಮ. ಇಂದು ವಂಚಕನು ಕಳುಹಿಸುವ ನೇಮಕಪತ್ರದಲ್ಲಿ ಒಂದು ಅಲ್ಪವಿರಾಮವೂ ತಪ್ಪಿರುವುದಿಲ್ಲ. ಅಶೋಕ ಸ್ತಂಭದ ಮುದ್ರೆಯಿಂದ ಹಿಡಿದು ಕಂಪೆನಿಯ ಬಣ್ಣದ ಲಾಂಛನದ ತನಕ ಎಲ್ಲವೂ ಅಚ್ಚುಕಟ್ಟು. ಅದೇ ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿ ನಾಲ್ಕು ಯಂತ್ರಗಳನ್ನಿಟ್ಟುಕೊಂಡ ಸಣ್ಣ ಕಾರ್ಖಾನೆಯವನು ಬರೆಯಿಸಿದ ಜಾಹೀರಾತಿನಲ್ಲಿ ಮೂರು ಸಾಲಿಗೆ ನಾಲ್ಕು ತಪ್ಪು. ಆದರೆ ಅವನಿಗೆ ಟರ್ನರ್ ಬೇಕಾಗಿರುವುದು ನಿಜ. ತಿಂಗಳ ಹತ್ತನೆಯ ತಾರೀಕಿಗೆ ಪಗಾರ ಕೊಡುವುದೂ ನಿಜ. ಬರಹದ ಅಂದವನ್ನು ನೋಡಿ ತೂಗಿದರೆ ಎರಡನೆಯವನನ್ನು ಬಿಟ್ಟು ಮೊದಲನೆಯವನ ಬಲೆಗೆ ನಾವೇ ನಡೆದುಹೋದಂತಾಗುವುದು.

ಪತ್ರಿಕೆಯ ಮೇಜಿಗೆ ಬರುವ ಮೊದಲು ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಕೆಲಸ ಕೇಳುವವರ ಕಡೆಯಿಂದಲ್ಲದೆ ಕೊಡುವವರ ಕಡೆಯಿಂದಲೂ ಈ ವ್ಯವಹಾರವನ್ನು ಕಂಡಿದ್ದೇವೆ. ಆ ಅನುಭವದ ಬಲದಿಂದ ಒಂದು ಮಾತು ಹೇಳಬಹುದು. ಜಾಹೀರಾತನ್ನು ಉದ್ಯೋಗಾಕಾಂಕ್ಷಿಯ ಕಣ್ಣಿನಿಂದ ಓದಿದರೆ ಕಾಣುವುದು ಪಗಾರ ಮಾತ್ರ. ಅದನ್ನು ಮಾಲಕನ ಕಣ್ಣಿನಿಂದ ಓದಬೇಕು. ಇಷ್ಟು ಹಣವನ್ನು ಕೊಟ್ಟು ಈ ಮನುಷ್ಯನು ಕೊಳ್ಳಲಿರುವುದು ಏನನ್ನು? ನನ್ನ ದುಡಿಮೆಯನ್ನೇ? ಅಥವಾ ನನ್ನಲ್ಲಿರುವ ಇನ್ನೇನನ್ನಾದರೂ?

ದೋಸೆಯ ಭಟ್ಟರು ಏಕಾಏಕಿ ಊರಿಗೆ ಹೊರಟುಹೋದರೆ ಹೋಟೆಲಿನವನ ಅವಸ್ಥೆಯನ್ನು ಕೇಳಬೇಕಾಗಿಲ್ಲ. ಬೆಳಗಿನ ಗಿರಾಕಿ ಎದುರಿನ ಹೋಟೆಲಿಗೆ ಹೋಗುವನು. ಆಗ ಹೊಸ ಭಟ್ಟರೊಬ್ಬರು ಬಂದರೆ ಮಾಲಕನು ಮೊದಲು ಕೇಳುವುದು ಹಿಂದೆ ಎಲ್ಲಿದ್ದಿರಿ, ಯಾಕೆ ಬಿಟ್ಟಿರಿ, ಮುಂಜಾನೆ ನಾಲ್ಕಕ್ಕೆ ಏಳುವಿರಾ ಎಂದು. ಬಳಿಕ ಕಾವಲಿಯ ಮುಂದೆ ನಿಲ್ಲಿಸಿ ಒಂದು ದೋಸೆ ಹೊಯ್ಯಿಸುವನು. ಅವನಿಗೆ ಎಷ್ಟೇ ಅವಸರವಿದ್ದರೂ ಇಷ್ಟನ್ನು ಮಾಡಿಯೇ ಮಾಡುವನು. ಏಕೆಂದರೆ ಅವನ ಮನಸ್ಸಿನಲ್ಲಿ ಒಂದು ಭಯವಿದೆ: ಈತ ಕೆಲಸ ಬಾರದವನಾದರೆ ನನ್ನ ಹಿಟ್ಟೂ ಹೋಯಿತು, ಗಿರಾಕಿಯೂ ಹೋದ. ಪಗಾರ ಕೊಡುವ ಯಾವ ಮಾಲಕನಿಗೂ, ಅವನು ಹೋಟೆಲಿನವನಿರಲಿ ಬ್ಯಾಂಕಿನವನಿರಲಿ, ಈ ಭಯ ಇದ್ದೇ ಇರುವುದು. ‘ಅನುಭವ ಬೇಡ, ವಿದ್ಯೆ ಬೇಡ, ಸಂದರ್ಶನವಿಲ್ಲ, ಇಂದೇ ಸೇರಿರಿ’ ಎಂದು ಬರೆಯುವವನಲ್ಲಿ ಆ ಭಯದ ಸುಳಿವೇ ಇಲ್ಲ. ನಿಮಗೆ ಕೆಲಸ ಬಾರದಿದ್ದರೆ ಅವನಿಗೆ ನಷ್ಟವಿಲ್ಲ ಎಂದೇ ಅದರ ಅರ್ಥ. ಹಾಗಾದರೆ ಅವನಿಗೆ ಬೇಕಾದದ್ದು ನಿಮ್ಮ ಕೆಲಸವಲ್ಲ.

ಇನ್ನೊಂದು. ಕೆಲಸಕ್ಕೆ ಸೇರಿದ ಮೊದಲ ದಿನ ಖರ್ಚು ಯಾರದು? ಹೋಟೆಲಿಗೆ ಬಂದ ಮಾಣಿ ಮೊದಲು ಊಟ ಮಾಡುವನು, ಅನಂತರ ತಟ್ಟೆ ಮುಟ್ಟುವನು. ಮಲಗಲು ಜಾಗ, ಉಡಲು ಸಮವಸ್ತ್ರ ಎಲ್ಲವೂ ಮಾಲಕನ ಲೆಕ್ಕ. ಊರಿನಿಂದ ಕರೆಸಿಕೊಂಡವನಾದರೆ ದಾರಿಯ ಖರ್ಚೂ ಹಾಗೆಯೇ. ಹಣವು ಮಾಲಕನ ಕಡೆಯಿಂದ ಕೆಲಸಗಾರನ ಕಡೆಗೆ ಹರಿಯುವುದೇ ಉದ್ಯೋಗ. ನೋಂದಣಿ, ಠೇವಣಿ, ಗುರುತುಚೀಟಿ, ತರಬೇತಿ, ವೈದ್ಯಕೀಯ ಪರೀಕ್ಷೆ, ‘ಮರಳಿ ಕೊಡಲಾಗುವ ಭದ್ರತಾ ಮೊಬಲಗು’ ಮುಂತಾದ ಯಾವ ಹೆಸರಿನಿಂದಲೇ ಆಗಲಿ ಅದು ಹಿಂದುಮುಂದಾಗಿ ಹರಿಯಲು ಆರಂಭಿಸಿದರೆ, ಅಲ್ಲಿ ಮಾರಾಟವಾಗುತ್ತಿರುವ ಸರಕು ಉದ್ಯೋಗದ ಆಸೆ, ಗಿರಾಕಿ ನಾವು.

ಲೋಕಲ್ ಗಾಡಿಗಳಲ್ಲಿಯೂ ಮೊಬೈಲುಗಳಲ್ಲಿಯೂ ಬಹುಕಾಲದಿಂದ ಹರಿದಾಡುತ್ತಿರುವ ಪೆನ್ಸಿಲ್ ಪ್ಯಾಕಿಂಗ್ ಕೆಲಸದ ಜಾಹೀರಾತನ್ನೇ ನೋಡಬಹುದು. ನಟರಾಜ ಪೆನ್ಸಿಲುಗಳನ್ನು ಮನೆಯಲ್ಲಿಯೇ ಕುಳಿತು ಪೆಟ್ಟಿಗೆಗೆ ತುಂಬಿದರೆ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 15,000 ಮುಂಗಡ ಎಂದು ಅದು ಹೇಳುವುದು. ನಮ್ಮ ಗೃಹಿಣಿಯರಲ್ಲಿ ಇದನ್ನು ಕಂಡು ಆಸೆಪಡದವರು ಕಡಿಮೆ. ಆಸೆಪಡುವುದು ತಪ್ಪೂ ಅಲ್ಲ. ಆದರೆ ಗಲ್ಲಾದಲ್ಲಿ ಕುಳಿತವನಂತೆ ಒಮ್ಮೆ ಲೆಕ್ಕ ಹಾಕಿರಿ. ತಿಂಗಳಿಗೆ 25 ದಿನ ಎಂದರೆ ದಿನಕ್ಕೆ 1,200 ರೂಪಾಯಿ. ಅಡಿಗೆ, ಮಕ್ಕಳ ಶಾಲೆ, ನೀರು ಬರುವ ಹೊತ್ತು ಇವೆಲ್ಲದರ ನಡುವೆ ದಿನಕ್ಕೆ 200 ಪೆಟ್ಟಿಗೆ ತುಂಬಿದರೂ ಪೆಟ್ಟಿಗೆಯೊಂದಕ್ಕೆ 6 ರೂಪಾಯಿ ಕೂಲಿ ಬಿತ್ತು. ಹತ್ತು ಪೆನ್ಸಿಲಿನ ಪೆಟ್ಟಿಗೆ ಅಂಗಡಿಯಲ್ಲಿ ಸಿಗುವುದು ಸುಮಾರು ಐವತ್ತು ಅರುವತ್ತು ರೂಪಾಯಿಗೆ. ಅದರಲ್ಲಿ ಮರ, ಸೀಸದ ಕಡ್ಡಿ, ಬಣ್ಣ, ಕಾರ್ಖಾನೆಯ ಖರ್ಚು, ಸಗಟು ವ್ಯಾಪಾರಿಯ ಪಾಲು, ಅಂಗಡಿಯವನ ಪಾಲು ಎಲ್ಲ ಅಡಗಿರಬೇಕು. ಇದರ ಮೇಲೆ ಪೆನ್ಸಿಲಿನ ಮೂಟೆಗಳನ್ನು ಡೊಂಬಿವಲಿ ಪೂರ್ವದ ಮೂರನೆಯ ಮಾಳಿಗೆಗೆ ತಂದು ಇಳಿಸಿ, ತುಂಬಿದ್ದನ್ನು ಮತ್ತೆ ಹೊತ್ತುಕೊಂಡು ಹೋಗುವ ಟೆಂಪೋ ಖರ್ಚು! ಕಾರ್ಖಾನೆಯಲ್ಲಿ ಯಂತ್ರವು ಗಳಿಗೆಯಲ್ಲಿ ಮುಗಿಸುವ ಕೆಲಸಕ್ಕೆ ಇಷ್ಟು ವ್ಯಯ ಮಾಡುವ ವ್ಯಾಪಾರಿ ಭೂಮಿಯ ಮೇಲೆ ಇಲ್ಲ. ಆ ಪೆನ್ಸಿಲನ್ನು ತಯಾರಿಸುವ ಹಿಂದುಸ್ಥಾನ್ ಪೆನ್ಸಿಲ್ಸ್ ಸಂಸ್ಥೆಯು ಇಂತಹ ಕೆಲಸವನ್ನು ತಾನು ಯಾರಿಗೂ ಕೊಡುತ್ತಿಲ್ಲವೆಂದು ಬಹಿರಂಗವಾಗಿಯೇ ತಿಳಿಸಿದೆ. ಆದರೂ ನೋಂದಣಿಗೆಂದು ಕೆಲವು ನೂರು, ಗುರುತುಚೀಟಿಗೆಂದು ಇನ್ನಷ್ಟು, ಸರಕು ಹೊರಟಿದೆ, ಸಾಗಣೆ ವೆಚ್ಚ ಕಳುಹಿಸಿರಿ ಎಂದು ಮತ್ತಷ್ಟು ಕೊಡುವವರು ಕೊಡುತ್ತಲೇ ಇದ್ದಾರೆ.

(ಗಾಡಿಯ ಡಬ್ಬಿಯಲ್ಲಿ ಅನುಮತಿಯಿಲ್ಲದೆ ಚೀಟಿ ಅಂಟಿಸುವವನ ವಿಷಯದಲ್ಲಿ ನಮಗೊಂದು ಸಣ್ಣ ಸಂಶಯ. ಜಾಹೀರಾತಿನ ಬಾಡಿಗೆಯನ್ನು ರೈಲ್ವೆಗೇ ಕೊಡದವನು ಪಗಾರವನ್ನು ನಮಗೆ ಕೊಡುವನೇ?)

ಇದೇ ಜಾತಿಗೆ ಸೇರಿದ್ದು, ಆದರೆ ಇನ್ನೂ ನಯವಾದದ್ದು, ಚಲಚ್ಚಿತ್ರದ ತುಣುಕುಗಳಿಗೆ ಮೆಚ್ಚುಗೆ ಒತ್ತುವ ‘ಕೆಲಸ’. ಮೊದಲ ದಿನ ನೂರೋ ನೂರೈವತ್ತೋ ರೂಪಾಯಿ ನಿಜವಾಗಿಯೂ ಖಾತೆಗೆ ಬಂದು ಬೀಳುವುದು. ಎರೆಹುಳವಿಲ್ಲದೆ ಗಾಳಕ್ಕೆ ಮೀನು ಬೀಳುವುದಿಲ್ಲವಷ್ಟೆ. ಬಳಿಕ ‘ಮುಂಗಡ ಕಟ್ಟಿ ಮಾಡುವ ಕೆಲಸ’ ಎಂದು ಸಾವಿರ ಕಟ್ಟಿಸಿ, ಸಾವಿರದ ಮುನ್ನೂರು ಹಿಂದಿರುಗಿಸಿ, ಕೊನೆಗೆ ಲಕ್ಷಗಳಿಗೆ ಕೈ ಹಾಕುವರು. ಕೇಂದ್ರದ ಗೃಹ ಸಚಿವಾಲಯವು 2023ರ ಡಿಸೆಂಬರಿನಲ್ಲಿ ಇಂತಹ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಮುಚ್ಚಿಸಿತು. ‘ಮನೆಯಲ್ಲಿ ಕುಳಿತು ಕೆಲಸ’, ‘ಮನೆಯಲ್ಲಿ ಕುಳಿತು ಸಂಪಾದನೆ’ ಎಂಬ ಮಾತುಗಳನ್ನು ಹಿಡಿದು ಹಲವು ಭಾಷೆಗಳಲ್ಲಿ ಜಾಹೀರಾತು ಹಾಕಿಸುತ್ತಿದ್ದರೆಂದೂ, ನಿವೃತ್ತ ನೌಕರರು, ಸ್ತ್ರೀಯರು, ನಿರುದ್ಯೋಗಿ ತರುಣರೇ ಅವರ ಗುರಿಯಾಗಿದ್ದರೆಂದೂ ಸರಕಾರವು ಆಗ ತಿಳಿಸಿತು. ನೂರು ಮುಚ್ಚಿದರೆ ಇನ್ನೂರು ತೆರೆಯುವ ಕಸುಬು ಇದು.

ಇಷ್ಟರ ತನಕ ಹೇಳಿದ್ದು ಹಣ ಕೀಳುವವರ ಮಾತು. ಹಣ ಕೇಳದವರೆಲ್ಲ ಪ್ರಾಮಾಣಿಕರು ಎಂದು ವಾಚಕರು ಎಣಿಸಬಾರದು. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಅಪಾಯದ ಜಾಹೀರಾತು ಇದಕ್ಕಿಂತ ಬೇರೆ: ಅಲ್ಲಿ ಪಗಾರ ಸರಿಯಾಗಿಯೇ ಬರುವುದು.

ಷೆರ್ಲಾಕ್ ಹೋಮ್ಸನ ಕಥೆಗಳನ್ನು ಓದಿದವರಿಗೆ 1891ರಲ್ಲಿ ಪ್ರಕಟವಾದ ‘ರೆಡ್ ಹೆಡೆಡ್ ಲೀಗ್’ ನೆನಪಿರಬಹುದು. ಕೆಂಪು ಕೂದಲಿನವರಿಗೆ ಮಾತ್ರ ಉದ್ಯೋಗ ಎಂಬ ಜಾಹೀರಾತನ್ನು ನೋಡಿ ಗಿರವಿ ಅಂಗಡಿಯವನೊಬ್ಬನು ಸೇರುವನು. ವಿಶ್ವಕೋಶವನ್ನು ಕೈಯಿಂದ ನಕಲು ಮಾಡುವುದಷ್ಟೇ ಕೆಲಸ. ವಾರಕ್ಕೆ ನಾಲ್ಕು ಪೌಂಡು ಸಂಬಳ, ತಪ್ಪದೆ ಕೈಗೆ ಬರುವುದು. ಅವರಿಗೆ ಬೇಕಾಗಿದ್ದುದು ನಕಲಲ್ಲ. ಆತನು ದಿನಾಲು ಕೆಲವು ತಾಸು ಅಂಗಡಿಯಿಂದ ಹೊರಗಿರುವುದು. ಅವನ ನೆಲಮಾಳಿಗೆಯಿಂದ ಪಕ್ಕದ ಬ್ಯಾಂಕಿಗೆ ಸುರಂಗ ತೋಡಬೇಕಾಗಿತ್ತು. ಅದೇ ಅಂಗಡಿಯಲ್ಲಿ ಅರ್ಧ ಪಗಾರಕ್ಕೆ ದುಡಿಯಲು ಒಪ್ಪಿ ಬಂದಿದ್ದ ಸಹಾಯಕನೇ ಕಳ್ಳ. ಪಗಾರವು ಕೆಲಸಕ್ಕೆ ಹೊಂದದಿದ್ದರೆ, ಹೆಚ್ಚಾದರೂ ಸರಿ ಕಡಿಮೆಯಾದರೂ ಸರಿ, ಸಂಶಯಿಸಬೇಕೆಂಬುದನ್ನು ಹೋಟೆಲಿನವರಾದ ನಮಗೆ ಆ ಕಥೆಯಷ್ಟು ಚೆನ್ನಾಗಿ ಹೇಳಿಕೊಟ್ಟದ್ದು ಇನ್ನೊಂದಿಲ್ಲ.

ಕಥೆಯನ್ನು ಬಿಟ್ಟು ನಮ್ಮ ಥಾಣೆ ಜಿಲ್ಲೆಗೇ ಬರೋಣ. 2016ರ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಥಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ರಾತ್ರಿ ದಾಳಿ ನಡೆಸಿದರು. ಒಳಗೆ ಸಿಕ್ಕಿದವರು ಏಳುನೂರಕ್ಕೂ ಹೆಚ್ಚು ಮಂದಿ. ಬಹುತೇಕ ಎಲ್ಲರೂ ತರುಣ ತರುಣಿಯರು. ಅವರು ಮಾಡುತ್ತಿದ್ದ ಕೆಲಸವೆಂದರೆ ಅಮೆರಿಕದ ಪ್ರಜೆಗಳಿಗೆ ದೂರವಾಣಿ ಕರೆ ಮಾಡಿ, ತಾವು ಅಲ್ಲಿನ ಆದಾಯ ತೆರಿಗೆಯ ಅಧಿಕಾರಿಗಳೆಂದು ಹೇಳಿ, ತೆರಿಗೆ ಬಾಕಿಯಿದೆ, ಈಗಲೇ ಕಟ್ಟದಿದ್ದರೆ ಬಂಧನವಾಗುವುದೆಂದು ಬೆದರಿಸುವುದು. ಹೆದರಿದವರಿಂದ ಅಂಗಡಿಗಳ ಉಡುಗೊರೆ ಕಾರ್ಡುಗಳ ಮೂಲಕ ಹಣವನ್ನು ಸೆಳೆಯಲಾಗುತ್ತಿತ್ತು. ಪೊಲೀಸರು ಎಪ್ಪತ್ತರಷ್ಟು ಮಂದಿಯನ್ನು ಬಂಧಿಸಿದರು. ಉಳಿದವರಲ್ಲಿ ಬಹುಮಂದಿಯ ಹೆಸರು ವಿಳಾಸಗಳು ಪೊಲೀಸ್ ದಾಖಲೆಯಲ್ಲಿ ಉಳಿದವು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯೂ ಭಾರತದ ಕಾಲ್ ಸೆಂಟರುಗಳಿಂದ ನಡೆದ ಇಂತಹ ವಂಚನೆಯ ಬಗೆಗೆ ದೊಡ್ಡದೊಂದು ಮೊಕದ್ದಮೆಯನ್ನು ಹೂಡಿತು.

ಆ ಏಳುನೂರು ಮಂದಿಯಲ್ಲಿ ಅನೇಕರು ಉದ್ಯೋಗಾಕಾಂಕ್ಷಿಗಳಾಗಿ ಬಂದವರೇ. ಕಾಲ್ ಸೆಂಟರಿನ ಕೆಲಸವೆಂಬುದು ಆಗ ಈ ಉಪನಗರಗಳ ಪದವೀಧರರಿಗೆ ಹೊಸದೇನೂ ಅಲ್ಲ. ರಾತ್ರಿಯ ಪಾಳಿ, ಇಂಗ್ಲಿಷ್ ಮಾತು, ತಿಂಗಳ ಪಗಾರ. ತಂದೆ ತಾಯಂದಿರು ನೆರೆಹೊರೆಯವರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿರಬೇಕು. ಇಲ್ಲಿ ಯಾರೂ ಠೇವಣಿ ಕೇಳಲಿಲ್ಲ. ಕಚೇರಿ ಇತ್ತು, ಮೇಜು ಕುರ್ಚಿ ಇತ್ತು. ಹಾಗಾದರೆ ಎಚ್ಚರ ಹುಟ್ಟಬೇಕಾಗಿದ್ದ ಸ್ಥಳ ಯಾವುದು? ಬರೆದುಕೊಟ್ಟ ಮಾತುಗಳನ್ನು ಓದಿ ಹೇಳಬೇಕು, ಹೆಸರು ಮಾತ್ರ ನಿಮ್ಮದು ಬೇಡ, ಒಂದು ಅಮೆರಿಕನ್ ಹೆಸರು ಇಟ್ಟುಕೊಳ್ಳಿರಿ, ಅಧಿಕಾರಿಯೆಂದು ಹೇಳಿರಿ ಎಂದ ಆ ಗಳಿಗೆಯೇ ಅದು. ಕಂಪೆನಿಗಳಲ್ಲಿ ಅಡ್ಡಹೆಸರಿನಿಂದ ಮಾತಾಡುವುದು ಇಲ್ಲದಿಲ್ಲ. ಆದರೆ ಸರಕಾರಿ ಅಧಿಕಾರಿಯ ಸೋಗು ಹಾಕಿ ಮಾಡುವ ಪ್ರಾಮಾಣಿಕ ಉದ್ಯೋಗ ಲೋಕದಲ್ಲಿಯೇ ಇಲ್ಲ. ಮೊದಲ ದಿನ ಅಷ್ಟನ್ನು ತಿಳಿದು ಎದ್ದು ಬಂದವನಿಗೆ ಒಂದು ದಿನ ಹೋಯಿತು. ತಿಂಗಳು ಕಳೆದು ಪಗಾರ ತೆಗೆದುಕೊಂಡವನು ‘ನನಗೆ ಗೊತ್ತಿರಲಿಲ್ಲ’ ಎಂದು ಹೇಳಿದರೆ ನ್ಯಾಯಾಲಯ ನಂಬುವುದು ಕಷ್ಟ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ಮೇರೆಗೆ ವಂಚಿಸಿ ಹಣ ಕೊಡಿಸಿದ ಅಪರಾಧಕ್ಕೆ ಏಳು ವರ್ಷದ ತನಕ ಸೆರೆಮನೆ ವಿಧಿಸಬಹುದು. ಅಲ್ಲಿ ಕೊಂಡದ್ದು ತರುಣರ ಕಂಠವನ್ನು; ಅದರ ಜೊತೆಗೆ ಅವರ ಹೆಸರೂ ಹೋಯಿತು.

ಬ್ಯಾಂಕಿನ ಖಾತೆಯನ್ನು ಕೊಳ್ಳುವವರೂ ಇದ್ದಾರೆ. ‘ನಿಮ್ಮ ಖಾತೆಗೆ ಹಣ ಬರುವುದು, ನೂರಕ್ಕೆ ಇಷ್ಟು ಇಟ್ಟುಕೊಂಡು ಉಳಿದುದನ್ನು ನಾವು ಹೇಳಿದಲ್ಲಿಗೆ ಕಳುಹಿಸಿರಿ’ ಎಂಬ ಉದ್ಯೋಗಕ್ಕೆ ‘ಹಣಕಾಸು ಸಹಾಯಕ’ ಎಂಬ ಗೌರವದ ಹೆಸರನ್ನೂ ಇಡುವುದುಂಟು. ಬಂದದ್ದು ಇನ್ನೊಬ್ಬನಿಂದ ಕದ್ದ ಹಣ. ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಖಾತೆಯ ಒಡೆಯನ ಮನೆಯದನ್ನೇ. ಈ ವಿಷಯದಲ್ಲಿ ಯೋಚಿಸಿ ನೋಡಬೇಕಾದದ್ದು ಏನೂ ಇಲ್ಲ, ಉತ್ತರಿಸಕೂಡದು.

ಇನ್ನು ವಿದೇಶದ ಮಾತು. ಗಲ್ಫಿಗೆ ಹೋದವರಿಂದ ಎಷ್ಟೋ ತುಳುನಾಡಿನ ಮನೆಗಳ ಹಂಚು ಹೋಗಿ ತಾರಸಿ ಬಂದಿದೆ. ಹೋಗಬೇಡಿರೆಂದು ಹೇಳುವವರು ನಾವಲ್ಲ. ಆದರೆ ದೇಹವನ್ನೇ ಕೊಳ್ಳುವ ಜಾಹೀರಾತು ಇರುವುದು ಇಲ್ಲಿಯೇ. ಥಾಯ್‌ಲೆಂಡಿನಲ್ಲಿ ‘ಡಿಜಿಟಲ್ ಮಾರಾಟ ಅಧಿಕಾರಿ’ಯ ಹುದ್ದೆ ಎಂದು ಕರೆದು, ಗಡಿ ದಾಟಿಸಿ ಮ್ಯಾನ್ಮಾರಿಗೆ ಸಾಗಿಸಿ, ಕಾವಲಿಟ್ಟು ವಂಚನೆಯ ಕೆಲಸ ಮಾಡಿಸುತ್ತಿದ್ದಾರೆಂದು ನಮ್ಮ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಸಿತ್ತು. ಅಲ್ಲಿ ಇಳಿದ ಮೇಲೆ ಕೊಡುವ ಪ್ರವಾಸಿ ವೀಸಾದಲ್ಲಿ ಉದ್ಯೋಗ ಮಾಡುವಂತಿಲ್ಲ ಎಂದೂ ಆಗ ಹೇಳಿತ್ತು. ಆದರೂ 2025ರ ಮಾರ್ಚಿನಲ್ಲಿ ಇಂತಹ ತಾಣಗಳಿಂದ ಪಾರಾದ ಐನೂರಕ್ಕಿಂತ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಮರಳಿ ತರಬೇಕಾಯಿತು. ರಷ್ಯದ ಪ್ರಕರಣ ಇನ್ನೂ ದಾರುಣ. ಸಹಾಯಕರ, ಕಾವಲುಗಾರರ ಕೆಲಸವೆಂದು ನಂಬಿ ಹೋದ ತರುಣರನ್ನು ಯುಕ್ರೇನ್ ಯುದ್ಧರಂಗಕ್ಕೆ ದೂಡಲಾಯಿತು. ನಮ್ಮ ಕಲಬುರಗಿ ಜಿಲ್ಲೆಯ ಮೂವರು ಅವರಲ್ಲಿದ್ದು, 2024ರ ಸೆಪ್ಟೆಂಬರಿನಲ್ಲಿ ಜೀವ ಸಹಿತ ಮರಳಿದರು. ಎಲ್ಲರ ಭಾಗ್ಯ ಹಾಗಿರಲಿಲ್ಲ. ರಷ್ಯದ ಸೇನೆಯಲ್ಲಿದ್ದ 12 ಮಂದಿ ಭಾರತೀಯರು ಮಡಿದಿದ್ದಾರೆಂದು ವಿದೇಶಾಂಗ ಸಚಿವಾಲಯವು 2025ರ ಜನವರಿಯಲ್ಲಿ ತಿಳಿಸಿತು.

ವಿದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟನು 1983ರ ಎಮಿಗ್ರೇಶನ್ ಕಾಯಿದೆಯ ಮೇರೆಗೆ ನೋಂದಾಯಿಸಿದವನಾಗಿರಬೇಕು. ಆತನು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.; ಅದಕ್ಕೆ ರಸೀದಿ ಕೊಡಬೇಕು. ಲಕ್ಷ, ಎರಡು ಲಕ್ಷ ಎಂದು ಕೇಳುವವನು ಅಷ್ಟರಿಂದಲೇ ತನ್ನ ಪರಿಚಯವನ್ನು ತಾನೇ ಹೇಳಿಕೊಂಡಂತಾಯಿತು. ನೋಂದಾಯಿತ ಏಜೆಂಟರ ಪಟ್ಟಿ ಸರಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಯಾರಿಗೂ ನೋಡಲು ಸಿಗುವುದು. ಮುಂಬಯಿಯ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಿದೇಶ ಭವನದಲ್ಲಿದೆ. ಅಲ್ಲಿಗೆ ಹೋಗಿ ಕೇಳಲು ಶುಲ್ಕವಿಲ್ಲ. ಪಾಸ್‌ಪೋರ್ಟು 1967ರ ಕಾಯಿದೆಯಂತೆ ಭಾರತ ಸರಕಾರದ ಸೊತ್ತು. ಮಾಲಕನಾಗಲಿ ಏಜೆಂಟನಾಗಲಿ ಅದನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಹಕ್ಕುಳ್ಳವನಲ್ಲ.

ನಮ್ಮ ಹಿರಿಯರಿಗೆ ಈ ಪರೀಕ್ಷೆಗಳು ಏಕೆ ಬೇಕಾಗಲಿಲ್ಲ ಎಂದು ಕೆಲವರು ಕೇಳುವುದುಂಟು. ಅವರು ಜಾಹೀರಾತು ನೋಡಿ ಮುಂಬಯಿಗೆ ಬಂದವರೇ ಅಲ್ಲ. ಮಂಗಳೂರಿನಿಂದ ಹಡಗು ಹತ್ತಿ ಬಂದ ಕಾಲದಲ್ಲಿಯೂ, ಘಾಟಿ ಬಳಸಿ ಬಸ್ಸಿನಲ್ಲಿ ಬಂದ ಕಾಲದಲ್ಲಿಯೂ, 1998ರಲ್ಲಿ ಕೊಂಕಣ ರೈಲು ಪೂರ್ಣವಾದ ಮೇಲೂ ಹುಡುಗನ ಕಿಸೆಯಲ್ಲಿ ಒಂದು ಚೀಟಿ ಇರುತ್ತಿತ್ತು, ಇಲ್ಲವೆ ಜೊತೆಯಲ್ಲಿ ಊರಿನವರೊಬ್ಬರು ಇರುತ್ತಿದ್ದರು. ಕೆಲಸ ಕೊಡಿಸಿದವನು ಹುಡುಗನ ತಂದೆಗೂ ಹೋಟೆಲಿನ ಮಾಲಕನಿಗೂ ಏಕಕಾಲಕ್ಕೆ ಉತ್ತರ ಕೊಡಬೇಕಾಗಿತ್ತು; ವರ್ಷಕ್ಕೊಮ್ಮೆ ಕೋಲಕ್ಕೋ ಮದುವೆಗೋ ಊರಿಗೆ ಹೋದಾಗ ಮುಖ ತೋರಿಸಬೇಕಾಗಿತ್ತು. ಆ ಪದ್ಧತಿಯಲ್ಲಿ ಸೋದರಮಾವನ ಮಾತಿಗೆ ಕಟ್ಟುಬಿದ್ದು ಕಡಿಮೆ ಪಗಾರಕ್ಕೆ ವರ್ಷಗಟ್ಟಲೆ ದುಡಿದವರೂ ಉಂಟು. ಅದೊಂದು ಸ್ವರ್ಗವಾಗಿತ್ತೆಂದು ನಾವು ಹೇಳಲಾರೆವು. ಆದರೆ ಅಲ್ಲಿ ಜವಾಬ್ದಾರಿಗೆ ಒಂದು ಮುಖವಿತ್ತು, ಒಂದು ಮನೆಯ ಹೆಸರಿತ್ತು.

ಆದ್ದರಿಂದಲೇ ‘ನಮ್ಮವರೇ ಹೇಳಿದ್ದು’ ಎಂಬ ಮಾತು ಇಂದಿಗೂ ನಮ್ಮಲ್ಲಿ ಬಲವಾಗಿ ಕೆಲಸ ಮಾಡುತ್ತದೆ. ಇಲ್ಲಿಯೂ ಎಚ್ಚರ ಬೇಕು. 2022ರ ಜೂನ್ ಜುಲೈ ತಿಂಗಳುಗಳಲ್ಲಿ ತಮಿಳುನಾಡಿನ 28 ಮಂದಿ ತರುಣರು ಹೊಸದಿಲ್ಲಿಯ ರೈಲು ನಿಲ್ದಾಣದಲ್ಲಿ ದಿನಕ್ಕೆ ಎಂಟು ತಾಸಿನಂತೆ ಸುಮಾರು ಒಂದು ತಿಂಗಳು ಬಂದುಹೋಗುವ ಗಾಡಿಗಳನ್ನೂ ಅವುಗಳ ಡಬ್ಬಿಗಳನ್ನೂ ಎಣಿಸುತ್ತ ನಿಂತರು. ಅದು ಟಿಕೇಟು ಪರೀಕ್ಷಕರ, ಗುಮಾಸ್ತರ ಹುದ್ದೆಗೆ ತರಬೇತಿಯೆಂದು ಅವರಿಗೆ ಹೇಳಲಾಗಿತ್ತು. ಒಬ್ಬೊಬ್ಬರೂ 2 ಲಕ್ಷದಿಂದ 24 ಲಕ್ಷದ ತನಕ, ಒಟ್ಟಿನಲ್ಲಿ 2 ಕೋಟಿ 67 ಲಕ್ಷ ರೂಪಾಯಿ ಕೊಟ್ಟಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಅವರನ್ನು ಒಟ್ಟುಗೂಡಿಸಿ ಕರೆದುಕೊಂಡು ಹೋದವರು ಅವರದೇ ಕಡೆಯ ಮಾಜಿ ಸೈನಿಕರೊಬ್ಬರು. ಅವರೂ ಮೋಸ ಹೋದವರೇ, ಕೊನೆಗೆ ದೂರು ಕೊಟ್ಟವರೂ ಅವರೇ. ಪರಿಚಯಸ್ಥರು ಸುಳ್ಳು ಹೇಳಲಾರರು, ನಿಜ. ಆದರೆ ಅವರಿಗೆ ಹೇಳಿದವನು ಯಾರು ಎಂಬುದನ್ನು ಕೇಳಲೇಬೇಕು. ಕಲ್ಯಾಣಿನಲ್ಲಿ ರೈಲ್ವೆ ನೌಕರರ ಕುಟುಂಬಗಳು ಬಹಳ. ‘ಒಳಗಿನಿಂದ’ ಕೆಲಸ ಆಗುವುದೆಂಬ ಆಸೆಯೂ ಬಹಳ. ರೈಲ್ವೆಯ ನೇಮಕಾತಿ ನಡೆಯುವುದು ರೈಲ್ವೆಯ ನೇಮಕಾತಿ ಮಂಡಳಿಗಳ ಪ್ರಕಟನೆ ಮತ್ತು ಪರೀಕ್ಷೆಗಳ ಮೂಲಕ. ಪರೀಕ್ಷೆಯನ್ನು ಬರೆಯದೆ ಬಂದ ನೇಮಕಪತ್ರವನ್ನು ಒಲೆಗೆ ಹಾಕಬಹುದು. ಅಥವಾ, ಅದಕ್ಕಿಂತ ಉತ್ತಮ, ಪೊಲೀಸರಿಗೆ ಕೊಡಬಹುದು.

ನವಿಮುಂಬಯಿಯಲ್ಲಿ ಈಗ ಆಸೆಯ ಹೊಸ ಬಾಗಿಲು ವಿಮಾನ ನಿಲ್ದಾಣ. 2025ರ ಅಕ್ಟೋಬರ್ 8ರಂದು ಅದರ ಉದ್ಘಾಟನೆಯಾಯಿತು. ಡಿಸೆಂಬರ್ 25ರಿಂದ ವಿಮಾನಗಳು ಹಾರಾಡತೊಡಗಿದವು. ಅಲ್ಲಿ ಸಾವಿರಾರು ಮಂದಿಗೆ ಕೆಲಸ ಸಿಗುವುದು ಸಹಜ. ಪನ್ವೇಲ್, ಉಲ್ವೆ, ಖಾರ್‌ಘರಿನ ನಮ್ಮ ತರುಣರು ಪ್ರಯತ್ನಿಸಲೇಬೇಕು. ಆದರೆ ಬೇಡಿಕೆಯಿದ್ದಲ್ಲಿಗೆ ವಂಚಕನೂ ಬರುವನು. ಇಂಡಿಗೋದಂತಹ ವಿಮಾನ ಸಂಸ್ಥೆಗಳು ನೇಮಕಾತಿಗೆ ತಾವು ಹಣ ಕೇಳುವುದಿಲ್ಲವೆಂದು ತಮ್ಮ ಜಾಲತಾಣಗಳಲ್ಲಿಯೇ ಎಚ್ಚರಿಕೆ ಪ್ರಕಟಿಸಿವೆ. ಜಾಹೀರಾತಿನಲ್ಲಿ ಕೊಟ್ಟ ಸಂಖ್ಯೆಗೆ ಕರೆ ಮಾಡಿ ‘ನೀವು ನಿಜವೇ?’ ಎಂದು ಕೇಳಿದರೆ ‘ನಿಜ’ ಎನ್ನದೆ ಅವನು ಇನ್ನೇನು ಹೇಳುವನು? ಕಂಪೆನಿಯ ಹೆಸರನ್ನು ಹಿಡಿದು ಅದರ ಸ್ವಂತ ಜಾಲತಾಣಕ್ಕೆ ಹೋಗಿ ಅಲ್ಲಿ ಆ ಹುದ್ದೆ ಇದೆಯೇ ಎಂದು ನೋಡಬೇಕು.

ಹೆಸರು ಕೇಳದ ಸಣ್ಣ ಸಂಸ್ಥೆಯಾದರೆ? ಅಲ್ಲಿಯೂ ದಾರಿಯಿದೆ. ಜಿ.ಎಸ್.ಟಿ. ಸಂಖ್ಯೆಯನ್ನು ಕೇಳಿರಿ, ಅದರಲ್ಲಿ 15 ಅಕ್ಷರ ಅಂಕೆಗಳಿದ್ದು, ಮಹಾರಾಷ್ಟ್ರದ್ದಾದರೆ 27ರಿಂದಲೂ ಕರ್ನಾಟಕದ್ದಾದರೆ 29ರಿಂದಲೂ ಆರಂಭವಾಗುವುದು, ಮತ್ತು ಅದು ಯಾರ ಹೆಸರಿನಲ್ಲಿದೆಯೆಂದು ಸರಕಾರದ ತಾಣದಲ್ಲಿ ನೋಡಬಹುದು. ಇನ್ನೂರು ಮಂದಿ ನೌಕರರಿದ್ದಾರೆ ಎನ್ನುವವನಿಗೆ ಭವಿಷ್ಯನಿಧಿಯ ನೋಂದಣಿ ಇರಲೇಬೇಕು. ಹೋಟೆಲಾದರೆ ಆಹಾರ ಪರವಾನಗಿಯ 14 ಅಂಕೆಗಳು ಗೋಡೆಯ ಮೇಲೆ ಕಾಣಬೇಕು. ಇದೆಲ್ಲಕ್ಕಿಂತ ಸುಲಭದ ಪರೀಕ್ಷೆ ಕಾಲ್ನಡಿಗೆ. ವಾಗ್ಳೆ ಎಸ್ಟೇಟಿನಲ್ಲಿಯೋ ಮಹಾಪೆಯಲ್ಲಿಯೋ ಕಚೇರಿಯಿದೆ ಎಂದರೆ ಹೇಳದೆ ಒಂದು ದಿನ ಹೋಗಿ ನೋಡಿರಿ. ಕೆಳಗಿನ ಚಹಾದ ಅಂಗಡಿಯವನನ್ನು ಕೇಳಿರಿ. ಯಾವ ಕಂಪೆನಿಗೆ ದಿನಕ್ಕೆ ಎಷ್ಟು ಕಟಿಂಗ್ ಹೋಗುವುದು, ಯಾರ ಉಧಾರಿ ಎಷ್ಟು ಬಾಕಿ, ಎಲ್ಲಿ ಪಗಾರ ನಿಂತಿದೆ ಎಂಬುದೆಲ್ಲ ಯಾವ ಸರಕಾರಿ ದಾಖಲೆಗಿಂತಲೂ ಅವನಿಗೆ ಚೆನ್ನಾಗಿ ಗೊತ್ತು. ಉತ್ತರ ಬರೆಯುವಾಗ ಹೆಸರು, ಬಲ್ಲ ಕೆಲಸ, ದೂರವಾಣಿ ಸಂಖ್ಯೆ ಇಷ್ಟು ಸಾಕು. ಆಧಾರ್ ಮತ್ತು ಪ್ಯಾನ್ ಕಾರ್ಡಿನ ಪ್ರತಿ, ಬ್ಯಾಂಕಿನ ವಿವರ ಇವು ನೇಮಕವಾದ ಮೇಲಿನ ಮಾತು. ನೇಮಕಪತ್ರವನ್ನೂ ಸಂಕೋಚವಿಲ್ಲದೆ ಕೇಳಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕಾರ್ಮಿಕರಿಗೆಲ್ಲ ಅದನ್ನು ಕೊಡಬೇಕೆಂಬ ವಿಧಿ ಸೇರಿದೆ.

ಈಗಾಗಲೇ ಹಣ ಕೊಟ್ಟು ಕುಳಿತವರು ಮಾಡಬೇಕಾದದ್ದು 1930 ಸಂಖ್ಯೆಗೆ ಕರೆ. ಅದೂ ಆ ಗಂಟೆಯಲ್ಲಿಯೇ. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಿಳಿಸಿದರೆ ತಡೆದು ನಿಲ್ಲಿಸುವ ಸಾಧ್ಯತೆಯಿದೆ. ಆದರೆ ನಮ್ಮವರು ಮೊದಲ ದಿನ ಮನೆಯಲ್ಲಿ ಮುಚ್ಚಿಡುವರು, ಎರಡನೆಯ ದಿನ ‘ಇನ್ನೊಂದಿಷ್ಟು ಕೊಟ್ಟರೆ ಎಲ್ಲವೂ ಮರಳುವುದು’ ಎಂಬ ವಂಚಕನ ಮಾತನ್ನು ನಂಬಿ ಬಂಗಾರ ಅಡವಿಡುವರು, ಮೂರನೆಯ ದಿನ ನಮ್ಮಲ್ಲಿಗೆ ಬರುವರು. ಗಂಡನಿಗೆ ತಿಳಿದರೆ, ಬಿಲ್ಡಿಂಗಿನವರಿಗೆ ತಿಳಿದರೆ ಎಂಬ ನಾಚಿಕೆಯೇ ವಂಚಕನಿಗೆ ನಾವು ಕೊಡುವ ಎರಡನೆಯ ಕಂತು. ಓದಿದವರು, ಬ್ಯಾಂಕಿನಲ್ಲಿ ದುಡಿದವರು ಕೂಡ ಮೋಸ ಹೋಗಿದ್ದಾರೆ. ಇದರಲ್ಲಿ ಮಾನ ಹೋಗುವಂಥದು ಏನೂ ಇಲ್ಲ.

ಪತ್ರಿಕೆಯಲ್ಲಿ ಬಂದಿದೆಯೆಂಬ ಮಾತ್ರಕ್ಕೆ ಜಾಹೀರಾತು ನಿಜವಾಗುವುದಿಲ್ಲ ಎಂಬುದನ್ನು ಪತ್ರಿಕೆಯವರಾದ ನಾವೇ ಹೇಳಬೇಕು. ಸಾಲಿಗೆ ಇಷ್ಟೆಂದು ಹಣ ಕೊಟ್ಟವರ ಮಾತು ಅಲ್ಲಿ ಅಚ್ಚಾಗುವುದು. ಪತ್ರಿಕೆಯ ಎಲ್ಲ ಬರಹಗಳಿಗೂ, ಜಾಹೀರಾತುಗಳಿಗೂ ಸಹ, ಸಂಪಾದಕನು ಹೊಣೆಗಾರನೆಂದು ಭಾರತೀಯ ಪತ್ರಿಕಾ ಮಂಡಳಿಯ ನಿಯಮಾವಳಿ ಹೇಳುವುದು; ಹೊಣೆಯಿಲ್ಲವೆನ್ನುವುದಾದರೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂದೂ ಹೇಳುವುದು. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ವಾಚಕರು ಸ್ವತಃ ವಿಚಾರಿಸಿಕೊಳ್ಳತಕ್ಕದ್ದು’ ಎಂದು ಹಾಕುವುದು ಆ ಕಾರಣಕ್ಕೆ. ಕಾಯಿದೆಗೆ ಅದು ಸಾಕಾಗಬಹುದು. ಕೆಲಸ ಹುಡುಕುವ ಹುಡುಗನಿಗೆ ಸಾಲದು. ವಿಳಾಸವಿಲ್ಲದೆ ಮೊಬೈಲ್ ಸಂಖ್ಯೆ ಮಾತ್ರ ಇರುವ ಉದ್ಯೋಗದ ಜಾಹೀರಾತನ್ನು ಯಾವ ಕನ್ನಡ ಪತ್ರಿಕೆಯೂ ತೆಗೆದುಕೊಳ್ಳಬಾರದೆಂಬುದು ನಮ್ಮ ಮತ.

ಹೀಗೆ ಹೇಳಿದಾಗ ಮೊದಲು ಮುನಿಯುವವರು ವಂಚಕರಲ್ಲ, ನಮ್ಮ ಹೋಟೆಲ್ ಬಂಧುಗಳು. ಏಕೆಂದರೆ ಅವರು ಕೊಡುವ ಜಾಹೀರಾತೂ ಹಾಗೆಯೇ ಇರುವುದು: ‘ಹೋಟೆಲ್ ಕೆಲಸಕ್ಕೆ ಜನ ಬೇಕಾಗಿದ್ದಾರೆ. ಒಳ್ಳೆಯ ಪಗಾರ. ಕೂಡಲೇ ಸಂಪರ್ಕಿಸಿರಿ’, ಮತ್ತು ಒಂದು ಸಂಖ್ಯೆ. ಯಾವ ಹೋಟೆಲು, ಯಾವ ಊರು, ಯಾವ ಕೆಲಸ, ಒಳ್ಳೆಯದು ಎಂದರೆ ಎಷ್ಟು, ಒಂದೂ ಇಲ್ಲ. ಪ್ರಾಮಾಣಿಕನಾದ ಮಾಲಕನು ಹೀಗೆ ಬರೆದರೆ ವಂಚಕನ ಜಾಹೀರಾತು ಅದರ ಪಕ್ಕದಲ್ಲಿ ಯಾವ ಸಂಶಯವನ್ನೂ ಹುಟ್ಟಿಸದೆ ಕುಳಿತುಕೊಳ್ಳುವುದು. ‘ಕಲ್ಯಾಣ್ ಪಶ್ಚಿಮ, ಸ್ಟೇಶನಿನಿಂದ ಐದು ನಿಮಿಷದ ದಾರಿ, ದೋಸೆ ಭಟ್ಟರು ಒಬ್ಬರು, ಕ್ಲೀನರ್ ಇಬ್ಬರು ಬೇಕಾಗಿದ್ದಾರೆ, ಪಗಾರ ಇಷ್ಟರಿಂದ ಇಷ್ಟು, ಊಟ, ಖೋಲಿ ನಮ್ಮದು, ವಾರಕ್ಕೊಂದು ರಜೆ, ಅಪರಾಹ್ನ ಮೂರರಿಂದ ಐದರೊಳಗೆ ಗಲ್ಲಾದಲ್ಲಿ ಕಾಣಿರಿ’ ಎಂದು ಹೋಟೆಲಿನ ಹೆಸರು ಸಹಿತ ಬರೆಯಲು ಎರಡು ಸಾಲು ಹೆಚ್ಚು ಬೇಕು. ಆ ಎರಡು ಸಾಲುಗಳ ದರವನ್ನು ಬಿಟ್ಟುಕೊಡಲು ಪತ್ರಿಕೆಗಳು ಸಿದ್ಧವಾಗುವುದಾದರೆ ಹೋಟೆಲಿನವರಿಗೆ ನೆಪವಾದರೂ ಉಳಿಯದು.